ಮಂಡಿಚಿಪ್ಪಿನ ನೋವು: ಜಾಗ ಗುರುತಿಸುವುದರಿಂದ ಮೆಟ್ಟಿಲು ಇಳಿಯುವವರೆಗೆ, ಹಂತ ಹಂತವಾಗಿ

ಮೊಣಕಾಲಿನ ಮುಂಭಾಗ ನೋಯತೊಡಗಿದರೆ ಹೆಚ್ಚಿನವರು ಹಿಡಿಯುವ ದಾರಿ ಒಂದೇ. ಮೊದಲು ಎಣ್ಣೆ ತಿಕ್ಕುವುದು, ಆಮೇಲೆ ಮೆಡಿಕಲ್‌ನಿಂದ ಮಾತ್ರೆ, ಅಲ್ಲೇ ಸಿಗುವ ನೀ ಕ್ಯಾಪ್, ಅದಕ್ಕೂ ಬಗ್ಗದಿದ್ದರೆ ನೇರ ಎಂಆರ್‌ಐ. ಕಟ್ಟಕಡೆಗೆ ಫಿಸಿಯೋಥೆರಪಿ. ಅದನ್ನೂ ಹತ್ತು ದಿನ ಮಾಡಿ, ನೋವು ಸ್ವಲ್ಪ ತಗ್ಗಿತು ಎನ್ನುವಾಗ ಬಿಟ್ಟುಬಿಡುತ್ತಾರೆ. ಎರಡು ತಿಂಗಳಲ್ಲಿ ಅದೇ ನೋವು ತಿರುಗಿ ಬರುತ್ತದೆ.

ಇಲ್ಲಿ ಎಡವುವುದು ಔಷಧದಲ್ಲಿ ಅಲ್ಲ, ಕೆಲಸಗಳ ಕ್ರಮದಲ್ಲಿ. ನೋವು ನಿಖರವಾಗಿ ಎಲ್ಲಿದೆ, ಯಾವ ಹೊರೆಯಿಂದ ಹುಟ್ಟಿತು ಎಂದು ತಿಳಿಯುವ ಮೊದಲೇ ಚಿಕಿತ್ಸೆ ಶುರುವಾಗುತ್ತದೆ. ಆ ಕ್ರಮವನ್ನು ಸರಿಪಡಿಸುವುದಕ್ಕಾಗಿ ಈ ಬರಹ. ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಒಂದು ವಿಷಯ ಮಾತ್ರ ಮೊದಲೇ ತಲೆಯಲ್ಲಿರಲಿ. ಮಂಡಿಚಿಪ್ಪು ತೊಡೆಯೆಲುಬಿನ ತುದಿಯಲ್ಲಿರುವ ತೋಡಿನಂಥ ಹಳ್ಳದಲ್ಲಿ ಮೇಲೆ ಕೆಳಗೆ ಜಾರುತ್ತದೆ. ಕಾಲು ಮಡಚಿದಷ್ಟೂ ಅದು ಆ ಹಳ್ಳಕ್ಕೆ ಹೆಚ್ಚು ಒತ್ತಿಕೊಳ್ಳುತ್ತದೆ. ಸಮತಟ್ಟಾದ ನೆಲದಲ್ಲಿ ನಡೆಯುವಾಗ ಅಲ್ಲಿ ಬೀಳುವ ಒತ್ತಡ ದೇಹದ ತೂಕದ ಸುಮಾರು ಅರ್ಧದಷ್ಟು. ಮೆಟ್ಟಿಲಲ್ಲಿ ಸುಮಾರು 3 ಪಟ್ಟು. ಪೂರ್ತಿ ಕುಕ್ಕರಗಾಲಿನಲ್ಲಿ ಕೂತು ಏಳುವಾಗ 7 ಪಟ್ಟಿನ ಆಸುಪಾಸು. 60 ಕೆಜಿ ತೂಕದವರ ಚಿಪ್ಪಿನ ಹಿಂದೆ ನಡೆಯುವಾಗ 30 ಕೆಜಿ ಇದ್ದ ಹೊರೆ ಬಸ್ಕಿ ಹೊಡೆಯುವಾಗ 400 ಕೆಜಿ ದಾಟುತ್ತದೆ. ರಸ್ತೆಯಲ್ಲಿ ನಡೆದರೆ ಏನೂ ಆಗದ ಮೊಣಕಾಲು ಮೆಟ್ಟಿಲು ಕಂಡ ಕೂಡಲೇ ಏಕೆ ತಕರಾರು ಮಾಡುತ್ತದೆ ಎಂಬುದಕ್ಕೆ ಉತ್ತರ ಈ ಲೆಕ್ಕದಲ್ಲಿದೆ.

ಮೊದಲೇ ಕೈಗೆಟಕುವಂತೆ ಇಟ್ಟುಕೊಳ್ಳಬೇಕಾದವು

ದರ್ಜಿಯ ಅಳತೆ ಟೇಪು, ಒಂದು ನೋಟ್‌ಬುಕ್, ಸುಮಾರು 45 ಸೆಂ.ಮೀ. ಎತ್ತರದ ಗಟ್ಟಿ ಕುರ್ಚಿ, ಸುರುಳಿ ಸುತ್ತಿದ ಬೈರಾಸು (ಟವೆಲ್), ವ್ಯಾಯಾಮದ ರಬ್ಬರ್ ಪಟ್ಟಿ, ಒಂದೊಂದು ಕೆಜಿಯ ಅಕ್ಕಿ ಪ್ಯಾಕೆಟ್ ನಾಲ್ಕೈದು, ಒಂದು ಬಟ್ಟೆ ಚೀಲ. ಹತ್ತಿ ಇಳಿಯುವ ಅಭ್ಯಾಸಕ್ಕೆ ಮನೆಯ ಕಟ್ಟಿದ ಮೆಟ್ಟಿಲನ್ನೇ ಬಳಸಿ. ಇಟ್ಟಿಗೆ ಅಥವಾ ಮುರಕಲ್ಲು ಜೋಡಿಸಿ ಅದರ ಮೇಲೆ ಹತ್ತಬೇಡಿ, ಅಲುಗಿದರೆ ಇನ್ನೊಂದು ಪೆಟ್ಟು ಖಚಿತ.

ಹಂತ 1: ಅಪಾಯದ ಗುರುತುಗಳು ಇವೆಯೇ ನೋಡಿ

ಕೆಳಗಿನ ಯಾವುದಾದರೂ ಒಂದು ಇದ್ದರೆ ಮುಂದಿನ ಹಂತಗಳನ್ನು ಓದುತ್ತಾ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಮಂಗಳೂರಿನವರಿಗೆ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಇದೆ. ಕಾಲೂರಲು ಆಗದಿದ್ದರೆ 108ಕ್ಕೆ ಕರೆ ಮಾಡಿ.

ಬಿದ್ದ ಮೇಲೆ, ಮಲಗಿದಲ್ಲಿಂದ ಕಾಲನ್ನು ನೆಟ್ಟಗೆ ಎತ್ತಲು ಆಗದಿರುವುದು ಎಲ್ಲಕ್ಕಿಂತ ಮುಖ್ಯ ಗುರುತು. ಚಿಪ್ಪು ಒಡೆದಿರಬಹುದು, ಇಲ್ಲವೇ ಅದರ ಮೇಲಿನ ಅಥವಾ ಕೆಳಗಿನ ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಕಟ್ಟುವ ಗಟ್ಟಿ ಹುರಿ) ಹರಿದಿರಬಹುದು. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ, ಮುರಕಲ್ಲಿನ ಮೆಟ್ಟಿಲಲ್ಲಿ ಜಾರಿ ಮಂಡಿಯೂರಿ ಬಿದ್ದವರಲ್ಲಿ ಇದನ್ನು ತಪ್ಪದೆ ನೋಡಬೇಕು. ಸ್ವಲ್ಪ ನಡೆಯಲು ಆಗುತ್ತದೆ ಎಂದಮಾತ್ರಕ್ಕೆ ಎಲುಬು ಸರಿಯಿದೆ ಎಂದಲ್ಲ.

ಪೆಟ್ಟು ಬಿದ್ದಿದ್ದರೆ ಈ ಐದರಲ್ಲಿ ಒಂದಿದ್ದರೂ ಎಕ್ಸ್‌ರೇ ಬೇಕು: ವಯಸ್ಸು 55 ಅಥವಾ ಹೆಚ್ಚು, ಒತ್ತಿದರೆ ಚಿಪ್ಪಿನಲ್ಲಿ ಮಾತ್ರ ನೋವು, ಮೊಣಕಾಲಿನ ಹೊರಬದಿಯಲ್ಲಿ ಕೆಳಗೆ ಕೈಗೆ ಸಿಗುವ ಎಲುಬಿನ ಗುಬುಟಿನಲ್ಲಿ ನೋವು, 90 ಡಿಗ್ರಿ ಮಡಚಲು ಆಗದಿರುವುದು, ಪೆಟ್ಟಾದ ಕೂಡಲೇ ಮತ್ತು ಆಸ್ಪತ್ರೆಯಲ್ಲೂ ನಾಲ್ಕು ಹೆಜ್ಜೆ ಊರಲು ಆಗದಿರುವುದು.

ಪೆಟ್ಟಾದ ಎರಡು ಗಂಟೆಯೊಳಗೆ ಮೊಣಕಾಲು ಬಾತುಕೊಂಡರೆ ಒಳಗೆ ರಕ್ತ ಸೇರಿದೆ ಎಂದೇ ತಿಳಿಯಿರಿ. ಮರುದಿನ ನಿಧಾನವಾಗಿ ಬರುವ ಊತ ಇಷ್ಟು ತುರ್ತಿನದ್ದಲ್ಲ.

ಪೆಟ್ಟಿಲ್ಲದೆ ಮೊಣಕಾಲು ಬಿಸಿಯಾಗಿ, ಕೆಂಪಾಗಿ, ಜ್ವರವೂ ಬಂದರೆ ಸಂಧಿಯೊಳಗೆ ಕೀವಾಗಿರುವ ಸಂಶಯ. ಇಲ್ಲಿ ಒಂದು ರಾತ್ರಿ ಕಾಯುವುದೂ ದುಬಾರಿ, ಎಲುಬಿನ ತುದಿಗೆ ಹೊದಿಕೆಯಂತಿರುವ ಮೃದ್ವಸ್ಥಿ ಬಹುಬೇಗ ಹಾಳಾಗುತ್ತದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಜ್ವರದೊಂದಿಗೆ ಗಂಟು ಗಂಟು ನೋಯುವುದಕ್ಕೆ ಡೆಂಗಿ, ಚಿಕುನ್‌ಗುನ್ಯಾ ಕೂಡ ಕಾರಣವಾಗಬಹುದು. ರಕ್ತಪರೀಕ್ಷೆಯಲ್ಲಿ ಡೆಂಗಿ ಇಲ್ಲವೆಂದು ಗೊತ್ತಾಗುವವರೆಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ, ರಕ್ತಸ್ರಾವದ ಅಪಾಯವಿದೆ. ಅಲ್ಲಿಯವರೆಗೆ ಪ್ಯಾರಸಿಟಮಾಲ್ ಮಾತ್ರ.

ಮೀನಖಂಡ ಊದಿ ಬಿಗಿದು ನೋಯುವುದು, ಮೊಣಕಾಲು ಅರ್ಧದಲ್ಲಿ ಸಿಕ್ಕಿಹಾಕಿಕೊಂಡು ಬಿಡಿಸಲು ಬಾರದಿರುವುದು, ಚಿಪ್ಪು ಹೊರಬದಿಗೆ ಜಾರಿ ನಿಂತಿರುವುದು ಕೂಡ ತುರ್ತಿನವೇ.

ಮಕ್ಕಳ ವಿಷಯದಲ್ಲಿ ಎರಡು ಎಚ್ಚರಿಕೆ. ಮಗು ಮೊಣಕಾಲು ನೋವು ಎನ್ನುತ್ತಾ ಕುಂಟುತ್ತಿದ್ದರೆ ಸೊಂಟದ ಕೀಲನ್ನು ಪರೀಕ್ಷಿಸದೆ ಬಿಡಬಾರದು. ಸೊಂಟದ ಕೀಲಿನ ಕಾಯಿಲೆ ಎಷ್ಟೋ ಸಲ ಮೊಣಕಾಲಿನ ನೋವಾಗಿಯೇ ಕಾಣಿಸಿಕೊಳ್ಳುತ್ತದೆ. ಇನ್ನು ಹದಿಹರೆಯದವರಲ್ಲಿ ವಿಶ್ರಾಂತಿಯಲ್ಲಿದ್ದಾಗಲೂ ರಾತ್ರಿ ಎಬ್ಬಿಸುವ ನೋವು, ಒಂದೇ ಬದಿಯ ಗಟ್ಟಿ ಊತ ಇದ್ದರೆ ಬೆಳೆಯುವ ಪ್ರಾಯದ ನೋವು ಎಂದು ಸಮಾಧಾನ ಮಾಡಿಕೊಳ್ಳದೆ ಎಕ್ಸ್‌ರೇ ತೆಗೆಸಿ. ಎಲುಬಿನ ಗಡ್ಡೆಗಳು ಈ ವಯಸ್ಸಿನಲ್ಲಿ ಹೆಚ್ಚಾಗಿ ಮೊಣಕಾಲಿನ ಸುತ್ತಲೇ ಬರುತ್ತವೆ.

ಹಂತ 2: ಒಂದೇ ಬೆರಳಿನಿಂದ ಜಾಗ ತೋರಿಸಿ

ಎಲ್ಲಿ ನೋವು ಎಂದು ಕೇಳಿದರೆ ಹೆಚ್ಚಿನವರು ಇಡೀ ಅಂಗೈಯನ್ನು ಮೊಣಕಾಲ ಮೇಲೆ ಇಡುತ್ತಾರೆ. ಅಷ್ಟರಿಂದ ಏನೂ ತಿಳಿಯುವುದಿಲ್ಲ. ಮಂಚದ ಮೇಲೆ ಕಾಲು ಚಾಚಿ ಕೂರಿ, ಹಿಮ್ಮಡಿ ಹಾಸಿಗೆಗೆ ತಾಗಿರಲಿ, ತೊಡೆಯನ್ನು ಪೂರ್ತಿ ಸಡಿಲ ಬಿಡಿ. ಸಡಿಲಾಗಿದೆಯೇ ಎಂದು ತಿಳಿಯಲು ಚಿಪ್ಪನ್ನು ಎರಡು ಬೆರಳಿನಿಂದ ಎಡಕ್ಕೂ ಬಲಕ್ಕೂ ನೂಕಿ ನೋಡಿ. ನೀರಲ್ಲಿ ತೇಲುವ ಹಲಗೆಯಂತೆ ಸುಲಭವಾಗಿ ಸರಿದರೆ ಸಡಿಲಾಗಿದೆ, ಅಲುಗದಿದ್ದರೆ ತೊಡೆ ಇನ್ನೂ ಬಿಗಿಯಾಗಿಯೇ ಇದೆ. ಈಗ ತೋರುಬೆರಳಿನ ತುದಿಯಿಂದ ಕೆಳಗಿನ ಜಾಗಗಳನ್ನು ಒಂದೊಂದಾಗಿ ಒತ್ತಿ.

ಚಿಪ್ಪಿನ ಅಂಚುಗಳಲ್ಲಿ, ಸುತ್ತಮುತ್ತ, ಅಥವಾ ಬೆರಳಿಗೆ ಸಿಗದಂತೆ ಚಿಪ್ಪಿನ ಹಿಂದೆ ನೋವಿದ್ದು, ಮೆಟ್ಟಿಲಿನಲ್ಲೂ ಹೆಚ್ಚು ಹೊತ್ತು ಕೂತಾಗಲೂ ಹೆಚ್ಚಾದರೆ, ಅದು ಚಿಪ್ಪು ಮತ್ತು ತೊಡೆಯೆಲುಬಿನ ನಡುವಿನ ಸಂಧಿಯ ನೋವು. ಮೊಣಕಾಲ ಮುಂಭಾಗದ ನೋವುಗಳಲ್ಲಿ ಬಹುಪಾಲು ಇದೇ, ಮುಂದಿನ ಹಂತಗಳೂ ಹೆಚ್ಚಾಗಿ ಇದರ ಬಗ್ಗೆಯೇ.

ಚಿಪ್ಪಿನ ಕೆಳತುದಿಯಲ್ಲಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ನೋವಿದ್ದರೆ ಸ್ನಾಯುರಜ್ಜಿನ ತೊಂದರೆ. ಇದನ್ನು ಪರೀಕ್ಷಿಸುವಲ್ಲಿ ಹಲವರು ತಪ್ಪುತ್ತಾರೆ. ಒಂದು ಕೈಯಿಂದ ಚಿಪ್ಪಿನ ಮೇಲಂಚನ್ನು ಕೆಳಗೆ ಒತ್ತಬೇಕು. ಆಗ ಕೆಳತುದಿ ಮುಂದಕ್ಕೆ ಎದ್ದು ನಿಲ್ಲುತ್ತದೆ. ಆ ತುದಿಯ ಅಡಿಗೆ ಇನ್ನೊಂದು ಕೈಯ ಬೆರಳು ಹಾಕಿ ಒತ್ತಬೇಕು. ಹಾಗೆ ಮಾಡದಿದ್ದರೆ ಸರಿಯಾದ ಜಾಗ ಬೆರಳಿಗೆ ಸಿಗುವುದೇ ಇಲ್ಲ. ವಾಲಿಬಾಲ್, ಕಬಡ್ಡಿ ಆಡುವವರಲ್ಲಿ, ಅಂದರೆ ಹಾರಿ ಇಳಿಯುವ, ಚಂಗನೆ ನುಗ್ಗುವ ಕೆಲಸದವರಲ್ಲಿ ಇದು ಸಾಮಾನ್ಯ.

ಚಿಪ್ಪಿನಿಂದ ಮೂರ್ನಾಲ್ಕು ಬೆರಳು ಕೆಳಗೆ, ಕಾಲಿನ ಮುಂಭಾಗದ ಉದ್ದೆಲುಬಿನ ಗುಬುಟಿನಲ್ಲಿ ನೋವಿದ್ದು ವಯಸ್ಸು 10ರಿಂದ 15ರ ಒಳಗಿದ್ದರೆ ಬೆಳೆಯುವ ಎಲುಬಿನ ಎಳೆತದ ನೋವು. ಚಿಪ್ಪಿನ ಕೆಳಗೆ ರಜ್ಜಿನ ಎಡಬಲದ ಮೆತ್ತನೆಯ ಜಾಗದಲ್ಲಿ, ಕಾಲನ್ನು ಪೂರ್ತಿ ಹಿಂದಕ್ಕೆ ಸೆಟೆದು ನಿಂತಾಗ ಚುಚ್ಚಿದರೆ ಅಲ್ಲಿನ ಕೊಬ್ಬಿನ ಮೆತ್ತೆ ಸಿಕ್ಕಿಕೊಳ್ಳುತ್ತಿದೆ.

ಚಿಪ್ಪಿನ ಮುಂದೆ, ಚರ್ಮದ ಅಡಿಯಲ್ಲಿ ನೀರು ತುಂಬಿದ ಬಲೂನಿನಂತೆ ಊತ ಕಂಡರೆ ಅಲ್ಲಿನ ದ್ರವದ ಚೀಲ ಬಾತಿದೆ. ಟೈಲ್ಸ್ ಕೆಲಸದವರು, ಮಂಡಿಯೂರಿ ನೆಲ ಒರೆಸುವವರು, ಬಡಗುತಿಟ್ಟಿನ ಯಕ್ಷಗಾನದಲ್ಲಿ ಮಂಡಿ ಹಾಕಿ ಕುಣಿಯುವವರು ಇದನ್ನು ಗಮನಿಸಬೇಕು. ಸಂಧಿಯೊಳಗಿನ ಊತವಾದರೆ ಚಿಪ್ಪಿನ ಎರಡೂ ಬದಿಯ ಕುಳಿಗಳು ತುಂಬಿಕೊಳ್ಳುತ್ತವೆ. ಚೀಲದ ಊತ ಚಿಪ್ಪಿನ ಮೇಲೆಯೇ ಕೂತಿರುತ್ತದೆ, ಬದಿಯ ಕುಳಿಗಳು ಹಾಗೆಯೇ ಕಾಣುತ್ತವೆ. ಎರಡೂ ಮೊಣಕಾಲುಗಳನ್ನು ಪಕ್ಕಪಕ್ಕ ಇಟ್ಟು ಬೆಳಕಿನಲ್ಲಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ನೋವು ಇರುವುದು ಒಳಬದಿಯ ಅಥವಾ ಹೊರಬದಿಯ ಸಂದಿನ ಗೆರೆಯಲ್ಲಿ ಮಾತ್ರ ಎಂದಾದರೆ ಅದು ಚಿಪ್ಪಿನ ತೊಂದರೆ ಅಲ್ಲದಿರಬಹುದು. ಆಗ ಹಂತ 5ಕ್ಕೆ ಹೋಗಿ.

ಹಂತ 3: ಮನೆಯಲ್ಲೇ ಮಾಡುವ ಪರೀಕ್ಷೆಗಳು

ಚಿಪ್ಪಿನ ಸಂಧಿಯ ನೋವು ಪತ್ತೆ ಮಾಡಲು ಬಸ್ಕಿಗಿಂತ ಒಳ್ಳೆಯ ಸರಳ ಪರೀಕ್ಷೆ ಇಲ್ಲ. ಕಿಟಕಿಯ ಸರಳು ಹಿಡಿದು ನಿಧಾನವಾಗಿ ಕೆಳಗೆ ಹೋಗಿ. ಎಷ್ಟು ಬಗ್ಗಿದಾಗ ನೋವು ಶುರುವಾಯಿತು, 0ಯಿಂದ 10ರಲ್ಲಿ ಎಷ್ಟು ಎಂದು ಬರೆದಿಡಿ. ಆರು ವಾರ ಕಳೆದ ಮೇಲೆ ಹೋಲಿಸಿ ನೋಡಲು ಈ ಅಂಕಿಯೇ ಆಧಾರ.

ಎರಡನೆಯದು ಮೆಟ್ಟಿಲು. ಮೆಟ್ಟಿಲ ಮೇಲೆ ನಿಂತು, ನೋವಿನ ಕಾಲನ್ನು ಅಲ್ಲೇ ಇಟ್ಟು, ಇನ್ನೊಂದು ಕಾಲಿನ ಹಿಮ್ಮಡಿ ನೆಲಕ್ಕೆ ತಾಗುವಷ್ಟು ಇಳಿಯಿರಿ. ಮುಂದಿನಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿಸಿ. ಮೊಣಕಾಲು ಹೆಬ್ಬೆರಳನ್ನೂ ದಾಟಿ ಒಳಕ್ಕೆ ವಾಲುತ್ತಿದೆಯೇ? ಸೊಂಟ ಒಂದು ಬದಿಗೆ ಕುಸಿಯುತ್ತಿದೆಯೇ? ಹೌದಾದರೆ ಸೊಂಟದ ಬದಿಯ ಸ್ನಾಯುಗಳ ಮೇಲೆ ಹೆಚ್ಚು ಕೆಲಸ ಮಾಡಬೇಕು.

ಮೂರನೆಯದು ತೊಡೆಯ ಅಳತೆ. ಚಿಪ್ಪಿನ ಮೇಲಂಚಿನಿಂದ 10 ಸೆಂ.ಮೀ. ಮೇಲೆ ಪೆನ್ನಿನಿಂದ ಗುರುತು ಹಾಕಿ ಎರಡೂ ತೊಡೆಯ ಸುತ್ತಳತೆ ತೆಗೆಯಿರಿ. ಅರ್ಧ ಸೆಂ.ಮೀ. ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ. 2 ಸೆಂ.ಮೀ. ಇದ್ದರೆ ಆ ಕಾಲು ಬಹಳ ದಿನದಿಂದ ಕೆಲಸ ಕಳ್ಳತನ ಮಾಡುತ್ತಿದೆ ಎಂದರ್ಥ.

ನಾಲ್ಕನೆಯದು ಸೊಂಟದ ಕೀಲು. ಕುರ್ಚಿಯಲ್ಲಿ ಕೂತು, ತೊಡೆ ಅಲುಗಿಸದೆ ಪಾದವನ್ನು ಹೊರಬದಿಗೆ ತೂಗಿಸಿ. ತೊಡೆಸಂದಿನಲ್ಲಿ ನೋವು ಬಂದರೆ ಮೂಲ ಅಲ್ಲಿರಬಹುದು.

ಚಿಪ್ಪನ್ನು ಕೆಳಕ್ಕೆ ಒತ್ತಿ ಹಿಡಿದು ತೊಡೆ ಬಿಗಿಯಿರಿ ಎನ್ನುವ ಪರೀಕ್ಷೆಯೊಂದು ಚಾಲ್ತಿಯಲ್ಲಿದೆ. ಅದು ಆರೋಗ್ಯವಂತರಿಗೂ ನೋಯಿಸುತ್ತದೆ, ಆದ್ದರಿಂದ ಅದರ ಮೇಲೆ ತೀರ್ಮಾನ ಮಾಡಬೇಡಿ. ಹಾಗೆಯೇ ಕಟಕಟ ಸದ್ದು: ನೋವಿಲ್ಲದ ಸದ್ದು ಕಾಯಿಲೆಯ ಗುರುತಲ್ಲ. ಸದ್ದಿಗೆ ಹೆದರಿ ಕಾಲು ಮಡಚುವುದನ್ನೇ ನಿಲ್ಲಿಸಿದವರ ತೊಡೆ ಸೊರಗಿ, ಆಮೇಲೆ ನಿಜವಾದ ನೋವು ಶುರುವಾಗುತ್ತದೆ.

ಹಂತ 4: ಏಳು ದಿನದ ಹೊರೆಯ ಲೆಕ್ಕ

ಜನ ಹಾರಿಸಿಬಿಡುವ ಹಂತ ಇದೇ, ಮತ್ತು ನೋವು ಮರುಕಳಿಸಲು ದೊಡ್ಡ ಕಾರಣವೂ ಇದೇ. ಒಂದು ವಾರ ದಿನಾ ರಾತ್ರಿ ಐದು ಸಂಗತಿ ಬರೆಯಿರಿ: ಎಷ್ಟು ಮೆಟ್ಟಿಲು ಇಳಿದಿರಿ, ಎಷ್ಟು ಸಲ ನೆಲದಿಂದ ಎದ್ದಿರಿ, ಕಾಲು ಮಡಚಿ ಒಂದೇ ಪಟ್ಟಿಗೆ ಎಷ್ಟು ಹೊತ್ತು ಕೂತಿರಿ, ಎಷ್ಟು ನಡೆದಿರಿ ಅಥವಾ ಓಡಿದಿರಿ, ಮರುದಿನ ಬೆಳಿಗ್ಗೆ ನೋವು ಹತ್ತರಲ್ಲಿ ಎಷ್ಟು.

ಬೀಡಿ ಕಟ್ಟುವ ಹೆಂಗಸೊಬ್ಬರ ದಿನ ನೋಡಿ. ತೊಡೆಯ ಮೇಲೆ ತಡ್ಪೆ, ಕಾಲು ಚಕ್ಕಳಮಕ್ಕಳ, ಮೂರು ಗಂಟೆ ಅಲುಗಾಟವಿಲ್ಲ. ಎದ್ದ ಕೂಡಲೇ ಹೆರೆಮಣೆ, ಮೆಟ್ಟುಕತ್ತಿ, ಪಾತ್ರೆ. ಅವರು ಹೇಳುವುದು ನಾನು ಕೂತೇ ಇರುತ್ತೇನೆ, ಕಾಲಿಗೆ ಕೆಲಸವೇ ಇಲ್ಲ ಎಂದು. ಚಿಪ್ಪಿನ ಲೆಕ್ಕದಲ್ಲಿ ಮಾತ್ರ ಅದು ದಿನವಿಡೀ ಹೊರೆ. ಬರೆಯದೆ ಇದು ಕಣ್ಣಿಗೆ ಬೀಳುವುದಿಲ್ಲ.

ಜೊತೆಗೆ, ನೋವು ಶುರುವಾಗುವುದಕ್ಕೆ ಹಿಂದಿನ ಆರು ವಾರದಲ್ಲಿ ಹೊಸದಾಗಿ ಏನು ಹೆಚ್ಚಾಯಿತು ಎಂದು ನೆನಪಿಸಿಕೊಳ್ಳಿ. ಮಲ್ಪೆಯ ಮರಳಿನಲ್ಲಿ ಓಟ, ಶಬರಿಮಲೆಗೆ ಹೋಗಿ ಬರಿಗಾಲಲ್ಲಿ ಇಳಿದದ್ದು, ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಮನೆ ಬದಲಿಸಿದ್ದು, ಭರತನಾಟ್ಯದ ಅರಮಂಡಿಯ ಹೆಚ್ಚುವರಿ ಅಭ್ಯಾಸ. ಸೈಕಲ್ ತುಳಿಯುವವರು ಸೀಟು ನೋಡಿಕೊಳ್ಳಿ. ಪೆಡಲ್ ಕೆಳಗಿದ್ದಾಗ ಮೊಣಕಾಲು 25ರಿಂದ 30 ಡಿಗ್ರಿ ಮಾತ್ರ ಬಾಗಿರಬೇಕು. ಸೀಟು ತಗ್ಗಿದಷ್ಟೂ ಚಿಪ್ಪಿಗೆ ಒತ್ತಡ.

ಹಂತ 5: ವೈದ್ಯರ ಬಳಿ ಏನು ಕೇಳಬೇಕು, ಯಾವ ಚಿತ್ರ ಬೇಕು

ಅಪಾಯದ ಗುರುತಿಲ್ಲದೆ, ವಯಸ್ಸು 50ರ ಒಳಗಿದ್ದು, ಬಸ್ಕಿಯಲ್ಲಿ ಮುಂಭಾಗ ನೋಯುವವರಿಗೆ ಮೊದಲ ಭೇಟಿಯಲ್ಲೇ ಸ್ಕ್ಯಾನ್ ಬೇಕಾಗುವುದಿಲ್ಲ. ಎಕ್ಸ್‌ರೇ ತೆಗೆಸುವುದಾದರೆ ಮೂರು ಕೋನದಿಂದ ತೆಗೆಸಿ: ನಿಂತು ಮುಂದಿನಿಂದ, ಸ್ವಲ್ಪ ಮಡಚಿ ಬದಿಯಿಂದ, ಮತ್ತು ಮಡಚಿದ ಮೊಣಕಾಲನ್ನು ಚಿಪ್ಪಿನ ಉದ್ದಕ್ಕೂ ನೋಡುವ ಸ್ಕೈಲೈನ್ ವ್ಯೂ. ಮೂರನೆಯದು ಚೀಟಿಯಲ್ಲಿ ಬಿಟ್ಟುಹೋಗುವುದೇ ಹೆಚ್ಚು. ಚಿಪ್ಪು ಹಳ್ಳದಲ್ಲಿ ಸರಿಯಾಗಿ ಕೂತಿದೆಯೇ, ವಾಲಿದೆಯೇ, ಸಂದು ಕಿರಿದಾಗಿದೆಯೇ ಎಂದು ತೋರಿಸುವುದು ಅದೊಂದೇ. ಚೀಟಿಯಲ್ಲಿ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಎಂಆರ್‌ಐ ಬೇಕಾಗುವುದು ಚಿಪ್ಪು ಜಾರಿದ್ದಾಗ, ಊತ ಇಳಿಯದಿದ್ದಾಗ, ಮೊಣಕಾಲು ಸಿಕ್ಕಿಕೊಳ್ಳುವಾಗ, ಅಥವಾ 12 ವಾರ ಸರಿಯಾಗಿ ವ್ಯಾಯಾಮ ಮಾಡಿಯೂ ಫಲವಿಲ್ಲದಾಗ. ವರದಿಯಲ್ಲಿ ಮೃದ್ವಸ್ಥಿ ಮೆದುವಾಗಿದೆ ಎಂದಿದ್ದರೆ ಗಾಬರಿ ಬೇಡ. ನೋವೇ ಇಲ್ಲದವರ ಮೊಣಕಾಲಲ್ಲೂ ಅದು ಕಾಣುತ್ತದೆ. ಚಿತ್ರದ ಸವೆತಕ್ಕೂ ನೋವಿನ ತೀವ್ರತೆಗೂ ತಾಳೆ ಕಡಿಮೆ.

ಬೆಳಿಗ್ಗೆ ಎದ್ದ ಮೇಲೆ ಗಂಟೆಗಟ್ಟಲೆ ಬಿಗಿತ, ಕೈಬೆರಳಿನ ಸಂದುಗಳಲ್ಲೂ ಊತ ಇದ್ದರೆ ಸಂಧಿವಾತದ ರಕ್ತಪರೀಕ್ಷೆ ಆಗಬೇಕು. ಬಿಗಿತ ಅರ್ಧ ಗಂಟೆಯೊಳಗೆ ಬಿಟ್ಟುಹೋಗುವುದು ವಯಸ್ಸಿನ ಸವೆತದ ಲಕ್ಷಣ.

ಹಂತ 6: ಮೊದಲ 2 ವಾರ, ಹೊರೆ ಇಳಿಸುವುದು

ಇಳಿಸುವುದು ಎಂದರೆ ಮಂಚ ಹಿಡಿಯುವುದಲ್ಲ. ಪೂರ್ತಿ ವಿಶ್ರಾಂತಿಯಲ್ಲಿ ತೊಡೆಯ ಸ್ನಾಯು ವಾರದಲ್ಲೇ ಸೊರಗತೊಡಗುತ್ತದೆ. ಸಮತಟ್ಟಾದ ಕಡೆ ನಡಿಗೆ ಮುಂದುವರಿಸಿ. ಬಿಡಬೇಕಾದದ್ದು ಆಳವಾಗಿ ಮಡಚುವ ಕೆಲಸಗಳನ್ನು ಮಾತ್ರ.

ತರಕಾರಿ, ಮೀನು ಹೆಚ್ಚಲು ಮೆಟ್ಟುಕತ್ತಿಯ ಬದಲು ಕಟ್ಟೆಯ ಮೇಲೆ ಚೂರಿ. ನೆಲದ ಶೌಚಾಲಯ ಒಂದೇ ಇದ್ದರೆ ಅದರ ಮೇಲಿಡುವ ಸ್ಟೀಲ್ ಕುರ್ಚಿ. ಬೀಡಿ ಕಟ್ಟುವವರು, ಹೂ ಕಟ್ಟುವವರು ಗೋಡೆಗೆ ಒರಗಿ ಒಂದೊಂದೇ ಕಾಲು ಚಾಚಿ, 20 ನಿಮಿಷಕ್ಕೊಮ್ಮೆ ಎದ್ದು ಹತ್ತು ಹೆಜ್ಜೆ ನಡೆಯಿರಿ. ಮಂಡಿಯೂರುವ ಪ್ರಾರ್ಥನೆಯನ್ನು ಈ ಎರಡು ವಾರ ಕುರ್ಚಿಯಲ್ಲಿ ಕೂತು ಮಾಡಿ. ಬಸ್ಸಿನ ಎತ್ತರದ ಮೆಟ್ಟಿಲಿಗೂ ಮನೆಯ ಮೆಟ್ಟಿಲಿಗೂ ನಿಯಮ ಒಂದೇ: ಹತ್ತುವಾಗ ನೋವಿಲ್ಲದ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು, ಕೈ ಕಂಬಿಯ ಮೇಲೆ.

ಈ ಅವಧಿಯ ವ್ಯಾಯಾಮ ನಾಲ್ಕು, ದಿನಕ್ಕೆ ಒಮ್ಮೆ:

1. ಮೊಣಕಾಲಿನ ಅಡಿಗೆ ಬೈರಾಸಿನ ಸುರುಳಿ ಇಟ್ಟು ಅದನ್ನು ಕೆಳಕ್ಕೆ ಒತ್ತಿ, 5 ಸೆಕೆಂಡ್ ಹಿಡಿದು ಬಿಡಿ. 10 ಸಲ. ತೊಡೆಯ ಮೇಲೆ ಕೈಯಿಟ್ಟು ಸ್ನಾಯು ಗಟ್ಟಿಯಾಗುತ್ತಿದೆಯೇ ನೋಡಿ.
2. ಮಲಗಿ, ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಒಂದಡಿ ಎತ್ತರಕ್ಕೆ. 10ರಂತೆ 3 ಸರದಿ. ಎತ್ತುವಾಗ ಮೊಣಕಾಲು ಬಾಗಿದರೆ ಸರದಿ ನಿಲ್ಲಿಸಿ.
3. ಬದಿಗೆ ಮಲಗಿ ಮೇಲಿನ ಕಾಲನ್ನು ಎತ್ತುವುದು. 10ರಂತೆ 3. ಇಲ್ಲಿ ಆಗುವ ತಪ್ಪು ಒಂದೇ: ಕಾಲು ಮುಂದಕ್ಕೆ ಬಂದು ಪಾದ ಆಕಾಶ ನೋಡುತ್ತದೆ. ಹಿಮ್ಮಡಿ ದೇಹದ ಗೆರೆಗಿಂತ ತುಸು ಹಿಂದಿರಲಿ, ಪಾದದ ಬೆರಳು ಮುಂದಕ್ಕೆ ನೋಡಲಿ. ಆಯಾಸ ಪೃಷ್ಠದ ಬದಿಯಲ್ಲಿ ಬಂದರೆ ಸರಿ, ತೊಡೆಯ ಮುಂದೆ ಬಂದರೆ ತಪ್ಪು.
4. ಮಲಗಿ ಎರಡೂ ಕಾಲು ಮಡಚಿ ಸೊಂಟ ಎತ್ತುವುದು. 10ರಂತೆ 3.

ನೋವಿನ ನಿಯಮವನ್ನು ಬರೆದು ಗೋಡೆಗೆ ಅಂಟಿಸಿ. ವ್ಯಾಯಾಮದ ವೇಳೆ ನೋವು ಹತ್ತರಲ್ಲಿ 3ರವರೆಗೆ ಬಂದರೆ ಅಡ್ಡಿಯಿಲ್ಲ. ಮರುದಿನ ಬೆಳಿಗ್ಗೆ ಅದು ಹಿಂದಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಮುಂದಿನ ಸಲ ಮೂರನೇ ಒಂದು ಭಾಗ ಕಡಿಮೆ ಮಾಡಿ, ಬಿಡಬೇಡಿ. ನೋವೇ ಇರಬಾರದು ಎಂದು ಕಾಯುವವರು ಶುರುವೇ ಮಾಡುವುದಿಲ್ಲ. ನೋವಿದ್ದಷ್ಟೂ ಒಳ್ಳೆಯದು ಎಂದು ಹಲ್ಲುಕಚ್ಚಿ ಮಾಡುವವರು ಎರಡನೇ ವಾರದಲ್ಲಿ ಮಲಗುತ್ತಾರೆ.

ಹಂತ 7: 3ರಿಂದ 6ನೇ ವಾರ, ನಿಂತು ಮಾಡುವ ಕೆಲಸ

ಈಗ ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಪ್ರತಿಯೊಂದೂ 10ರಿಂದ 12ರಂತೆ 3 ಸರದಿ, ಸರದಿಗಳ ನಡುವೆ ಒಂದು ನಿಮಿಷ.

ಕುರ್ಚಿಯಿಂದ ಎದ್ದು ಕೂರುವುದು ಮೊದಲನೆಯದು. ಕೈ ಊರಬೇಡಿ. ಎರಡು ಎಣಿಸುವಷ್ಟರಲ್ಲಿ ಎದ್ದು, ನಾಲ್ಕು ಎಣಿಸುವಷ್ಟು ನಿಧಾನಕ್ಕೆ ಕೂರಿ. ಧೊಪ್ಪನೆ ಕುಸಿದರೆ ಲೆಕ್ಕಕ್ಕಿಲ್ಲ. 45 ಸೆಂ.ಮೀ. ಕಷ್ಟವಾದರೆ ಕುರ್ಚಿಯ ಮೇಲೆ ಗಟ್ಟಿ ದಿಂಬು ಇಡಿ. ಎರಡನೆಯದು ಗೋಡೆಗೆ ಬೆನ್ನು ಕೊಟ್ಟು ಜಾರುವುದು, 45 ಡಿಗ್ರಿ ದಾಟದಂತೆ. ಮೂರನೆಯದು 10ರಿಂದ 15 ಸೆಂ.ಮೀ. ಮೆಟ್ಟಿಲು ಹತ್ತುವುದು. ನಾಲ್ಕನೆಯದು ಮೊಣಕಾಲಿನ ಮೇಲೆ ರಬ್ಬರ್ ಪಟ್ಟಿ ಕಟ್ಟಿ ಅಡ್ಡಕ್ಕೆ ಹೆಜ್ಜೆ ಹಾಕುವುದು. ನಾಲ್ಕರಲ್ಲೂ ಮೊಣಕಾಲು ಪಾದದ ಎರಡನೇ ಬೆರಳಿನ ನೇರಕ್ಕೇ ಇರಬೇಕು.

ಜಿಮ್‌ಗೆ ಹೋಗುವವರಿಗೆ ಒಂದು ಮಾತು. ಕೂತು ಕಾಲು ಚಾಚುವ ಲೆಗ್ ಎಕ್ಸ್‌ಟೆನ್ಶನ್ ಯಂತ್ರದಲ್ಲಿ 90ರಿಂದ 45 ಡಿಗ್ರಿಯವರೆಗೆ ಮಾತ್ರ ಮಾಡಿ. ಅಲ್ಲಿಂದ ಪೂರ್ತಿ ನೆಟ್ಟಗಾಗುವವರೆಗಿನ ಭಾಗದಲ್ಲಿ ಚಿಪ್ಪು ಎಲುಬಿಗೆ ತಾಗುವ ಜಾಗ ಕಿರಿದಾಗುತ್ತದೆ, ಭಾರವೆಲ್ಲ ಆ ಪುಟ್ಟ ಜಾಗಕ್ಕೇ ಬೀಳುತ್ತದೆ. ನಿಂತು ಮಾಡುವ ಬಸ್ಕಿಯಲ್ಲಿ ಇದು ತಿರುವುಮುರುವು: 0ಯಿಂದ 45 ಡಿಗ್ರಿ ಹಗುರ, ಆಳಕ್ಕೆ ಹೋದಷ್ಟೂ ಭಾರ.

ಮೀನಖಂಡ, ತೊಡೆಯ ಹಿಂಭಾಗ, ಮುಂಭಾಗ ಬಿಗಿಯಾಗಿದ್ದರೆ 30 ಸೆಕೆಂಡಿನಂತೆ ಮೂರು ಸಲ ಎಳೆದು ಹಿಡಿಯಿರಿ. ಎಳೆತ ಪೂರಕ ಮಾತ್ರ, ಬಲಕ್ಕೆ ಬದಲಿಯಲ್ಲ.

ಹಂತ 8: 7ರಿಂದ 12ನೇ ವಾರ, ಇಳಿಯುವ ಕಾಲನ್ನು ತಯಾರು ಮಾಡುವುದು

ಹೆಚ್ಚಿನವರು ಆರನೇ ವಾರಕ್ಕೇ ನಿಲ್ಲಿಸುತ್ತಾರೆ, ನೋವು ಕಡಿಮೆಯಾಗಿರುವುದರಿಂದ. ಬಲ ಇನ್ನೂ ಪೂರ್ತಿ ಬಂದಿರುವುದಿಲ್ಲ.

ಬಟ್ಟೆ ಚೀಲದಲ್ಲಿ 2 ಕೆಜಿ ಅಕ್ಕಿ ಎದೆಗವಚಿಕೊಂಡು ಕುರ್ಚಿಯಿಂದ ಏಳುವುದು. 12 ಸಲ ಸುಲಭವಾದರೆ ಒಂದು ಕೆಜಿ ಹೆಚ್ಚು. ಮೆಟ್ಟಿಲಿನಿಂದ ನಿಧಾನವಾಗಿ ಇಳಿಯುವುದು, ಮೊದಲು 10, ಆಮೇಲೆ 15, ಕೊನೆಗೆ 20 ಸೆಂ.ಮೀ.; 8ರಂತೆ 3 ಸರದಿ. ಒಂದೇ ಕಾಲಿನಲ್ಲಿ ಸೊಂಟ ಎತ್ತುವುದು. ಹಂತ 3ರ ಮೆಟ್ಟಿಲಿನ ವಿಡಿಯೊ ಎಂಟನೇ ವಾರದಲ್ಲಿ ಮತ್ತೊಮ್ಮೆ ತೆಗೆದು ಪಕ್ಕಪಕ್ಕ ಇಟ್ಟು ನೋಡಿ.

ಓಟಕ್ಕೆ ಮರಳುವವರು 20 ಸೆಂ.ಮೀ. ಮೆಟ್ಟಿಲನ್ನು 3ಕ್ಕಿಂತ ಕಡಿಮೆ ನೋವಿನಲ್ಲಿ 10 ಸಲ ಇಳಿಯಬಲ್ಲರಾದ ಮೇಲೆ ಶುರು ಮಾಡಿ. ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹತ್ತು ಸಲ, ದಿನ ಬಿಟ್ಟು ದಿನ. ಹೆಜ್ಜೆ ಚಿಕ್ಕದು ಮಾಡಿ, ಸಂಖ್ಯೆ ಹೆಚ್ಚಿಸಿ. ಚಿಪ್ಪಿನ ಒತ್ತಡ ಇಳಿಯುತ್ತದೆ. ಪಣಂಬೂರು, ಮಲ್ಪೆಯಲ್ಲಿ ಓಡುವವರು ಅಲೆ ತಾಗಿ ಗಟ್ಟಿಯಾದ ಮರಳಿನಲ್ಲೇ ಓಡಿ. ದಡ ಒಂದೇ ಬದಿಗೆ ವಾಲಿರುವುದರಿಂದ ಹೋದ ದಾರಿಯಲ್ಲೇ ಹಿಂದಿರುಗಿ.

ಹಂತ 9: ಟೇಪು, ಮಾತ್ರೆ, ಸೂಜಿ, ಶಸ್ತ್ರಚಿಕಿತ್ಸೆ ಎಲ್ಲಿ ಬರುತ್ತವೆ

ಚಿಪ್ಪನ್ನು ಒಳಬದಿಗೆ ಎಳೆದು ಚರ್ಮಕ್ಕೆ ಹಚ್ಚುವ ಅಂಟು ಟೇಪು ಮೊದಲ ಕೆಲವು ವಾರ ವ್ಯಾಯಾಮಕ್ಕೆ ಅನುಕೂಲ ಮಾಡಿಕೊಡುತ್ತದೆ. ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಕಲಿಯಿರಿ. ಹಚ್ಚಿದ ಕೂಡಲೇ ಬಸ್ಕಿಯ ನೋವು ಎದ್ದುಕಾಣುವಷ್ಟು ಇಳಿಯದಿದ್ದರೆ ನಿಮಗೆ ಅದು ಬೇಡ. ನಮ್ಮ ಬೆವರಿಗೆ ಚರ್ಮ ಬೇಗ ಕೆರೆತು ಕೆಂಪಾಗುತ್ತದೆ. ತುರಿಕೆ ಬಂದರೆ ತಕ್ಷಣ ಕಿತ್ತು ತೊಳೆಯಿರಿ. ಚಪ್ಪಲಿ, ಶೂಗಳ ಒಳಗಿಡುವ ಸಿದ್ಧ ಮೆತ್ತೆ (ಇನ್‌ಸೋಲ್) ಕೂಡ ಹಾಗೆಯೇ, ಆರು ವಾರದ ಮಟ್ಟಿಗೆ. ನೀ ಕ್ಯಾಪ್‌ನಿಂದ ಚಿಪ್ಪಿನ ನೋವು ವಾಸಿಯಾಗುವುದಿಲ್ಲ. ಅಲ್ಟ್ರಾಸೌಂಡ್, ಕರೆಂಟ್ ಯಂತ್ರಗಳನ್ನು ಈ ನೋವಿಗೆ ಬಳಸಬೇಡಿ ಎಂದೇ 2019ರ ಅಮೆರಿಕದ ಫಿಸಿಯೋಥೆರಪಿ ಮಾರ್ಗಸೂಚಿ ಹೇಳುತ್ತದೆ. ಯಂತ್ರದ ಅಡಿ ಮಲಗಿಸಿ ವ್ಯಾಯಾಮ ಕಲಿಸದೆ ಕಳಿಸಿದರೆ, ವ್ಯಾಯಾಮ ಕಲಿಸಿ ಎಂದು ನೀವೇ ಕೇಳಿ.

ಮಾತ್ರೆ ನಿದ್ದೆಗೆ, ವ್ಯಾಯಾಮಕ್ಕೆ ದಾರಿ ಬಿಡಿಸಲು ಮಾತ್ರ. ಡೈಕ್ಲೋಫೆನಾಕ್ ಜೆಲ್ ಹಚ್ಚುವುದು ಮಾತ್ರೆ ನುಂಗುವುದಕ್ಕಿಂತ ಸುರಕ್ಷಿತ. ಕಿಡ್ನಿ ತೊಂದರೆ, ಹೊಟ್ಟೆಹುಣ್ಣು, ಹೃದ್ರೋಗ, ಬಿಪಿ ಇರುವವರು ನೋವಿನ ಮಾತ್ರೆಯನ್ನು ಮೆಡಿಕಲ್‌ನಲ್ಲಿ ಕೇಳಿ ತೆಗೆದುಕೊಳ್ಳಬಾರದು.

ಕೆಳತುದಿಯ ಸ್ನಾಯುರಜ್ಜಿಗೆ ಸ್ಟಿರಾಯ್ಡ್ ಸೂಜಿ ಚುಚ್ಚಿಸಿಕೊಳ್ಳಬೇಡಿ, ರಜ್ಜು ಹರಿಯುವ ಅಪಾಯವಿದೆ. ನೋವೊಂದೇ ಕಾರಣಕ್ಕೆ ದುರ್ಬೀನು ಹಾಕಿ (ಆರ್ತ್ರೋಸ್ಕೋಪಿ) ಒಳಗೆ ಸ್ವಚ್ಛ ಮಾಡಿಸುವುದೂ ಬೇಡ. 2007ರಲ್ಲಿ ಪ್ರಕಟವಾದ ಫಿನ್‌ಲ್ಯಾಂಡ್‌ನ ಅಧ್ಯಯನದಲ್ಲಿ, ಆ ಶಸ್ತ್ರಚಿಕಿತ್ಸೆಯೊಂದಿಗೆ ವ್ಯಾಯಾಮ ಮಾಡಿದವರಿಗೂ ಬರೀ ವ್ಯಾಯಾಮ ಮಾಡಿದವರಿಗೂ ಫಲಿತಾಂಶ ಒಂದೇ ಆಗಿತ್ತು. ಶಸ್ತ್ರಚಿಕಿತ್ಸೆಗೆ ನಿಜವಾದ ಜಾಗ ಮತ್ತೆ ಮತ್ತೆ ಜಾರುವ ಚಿಪ್ಪು, ಒಳಗೆ ಮುರಿದು ಬಿದ್ದ ಚೂರು, ಒಡೆದ ಚಿಪ್ಪು, ಹರಿದ ರಜ್ಜು.

ಹಂತ 2ರಲ್ಲಿ ಬೇರೆ ಜಾಗ ಸಿಕ್ಕಿದವರಿಗೆ

ಸ್ನಾಯುರಜ್ಜಿನ ನೋವು: ಪೂರ್ತಿ ವಿಶ್ರಾಂತಿಯಿಂದ ಇದು ವಾಸಿಯಾಗುವುದಿಲ್ಲ. ಗೋಡೆಗೆ ಒರಗಿ ಮೊಣಕಾಲು ಸಹಿಸುವಷ್ಟು ಬಗ್ಗಿಸಿ 30ರಿಂದ 45 ಸೆಕೆಂಡ್ ಅಲುಗದೆ ನಿಲ್ಲುವುದು, 5 ಸಲ, ದಿನಕ್ಕೆರಡು ಬಾರಿ. ಆಮೇಲೆ ನಿಧಾನದ ಭಾರದ ಬಸ್ಕಿ, ಹಾರುವುದು ಕಟ್ಟಕಡೆಗೆ. ಮೂರು ತಿಂಗಳಿಗಿಂತ ಮೊದಲು ಮುಗಿಯುತ್ತದೆ ಎಂದು ಎಣಿಸಬೇಡಿ.

ಮಕ್ಕಳ ಗುಬುಟು: ಆಟ ನಿಲ್ಲಿಸಬೇಡಿ, ಕುಂಟುವಷ್ಟು ಆಡಿಸಬೇಡಿ. ಆಟದ ನಂತರ ಬಟ್ಟೆಯಲ್ಲಿ ಸುತ್ತಿದ ಐಸ್ 10 ನಿಮಿಷ. ಎಲುಬಿನ ಬೆಳವಣಿಗೆ ನಿಂತ ಮೇಲೆ ನೋವು ಹೋಗುತ್ತದೆ, ಗುಬುಟು ಉಳಿಯಬಹುದು. ಅದನ್ನು ತಿಕ್ಕುವುದು, ಕುಟ್ಟುವುದು ಬೇಡ.

ಚೀಲದ ಊತ: ಮಂಡಿಯೂರುವುದು ನಿಲ್ಲಬೇಕು, ಇಲ್ಲವೇ ದಪ್ಪ ಮಂಡಿಪಟ್ಟಿ ಕಟ್ಟಬೇಕು. ಎಣ್ಣೆ ಹಚ್ಚಿ ನೀವಿದರೆ ಇನ್ನೂ ಊದುತ್ತದೆ. ಮನೆಯಲ್ಲಿ ಸೂಜಿ ಚುಚ್ಚಿ ನೀರು ತೆಗೆಯುವುದು ಕೀವಿಗೆ ನೇರ ದಾರಿ. ಕೆಂಪು, ಬಿಸಿ, ತರಚು ಗಾಯ ಕಂಡರೆ ಹಂತ 1.

ಜಾರಿದ ಚಿಪ್ಪು: ಕಾಲನ್ನು ನಿಧಾನವಾಗಿ ನೆಟ್ಟಗೆ ಮಾಡುವಾಗಲೇ ಹೆಚ್ಚಿನ ಸಲ ತಾನಾಗಿ ಸ್ಥಾನಕ್ಕೆ ಬರುತ್ತದೆ. ಬಲವಂತವಾಗಿ ನೂಕಬೇಡಿ; ಬರದಿದ್ದರೆ ಇದ್ದ ಹಾಗೆಯೇ ದಿಂಬು ಕಟ್ಟಿ ಆಸ್ಪತ್ರೆಗೆ ಸಾಗಿಸಿ. ಸ್ಥಾನಕ್ಕೆ ಬಂದಿತು ಎಂದು ಮನೆಯಲ್ಲೇ ಉಳಿಯುವುದು ತಪ್ಪು. ಜಾರುವಾಗ ಎಲುಬಿನ ಚೂರು ಕಿತ್ತಿರಬಹುದು, ಎಕ್ಸ್‌ರೇ ಆಗಲೇಬೇಕು.

50 ದಾಟಿದವರ ಸವೆತ: ಮೇಲಿನದೇ ವ್ಯಾಯಾಮ, ಪ್ರತಿ ಹಂತಕ್ಕೂ ಒಂದೆರಡು ವಾರ ಹೆಚ್ಚು. ತೂಕ ಹೆಚ್ಚಿದ್ದರೆ ಮೊದಲ ಗುರಿ ನೂರಕ್ಕೆ 5ರಷ್ಟು ಇಳಿಸುವುದು, 80 ಕೆಜಿಯವರಿಗೆ 4 ಕೆಜಿ. ಮೆಟ್ಟಿಲಿನಲ್ಲಿ ಅದು ಪ್ರತಿ ಹೆಜ್ಜೆಗೆ ಚಿಪ್ಪಿನಿಂದ ಇಳಿಯುವ ಸುಮಾರು 12 ಕೆಜಿ.

ಸುಧಾರಿಸದಿದ್ದರೆ ಹಿಂದಿರುಗಿ ನೋಡುವ ಕ್ರಮ

ಆರನೇ ವಾರದಲ್ಲಿ ಬಸ್ಕಿಯ ಅಂಕಿ ಮೊದಲಿನಷ್ಟೇ ಇದ್ದರೆ ಮೊದಲು ನೋಟ್‌ಬುಕ್ ತೆರೆಯಿರಿ. ವಾರಕ್ಕೆ ಮೂರು ದಿನ ನಿಜವಾಗಿ ಆಗಿದೆಯೇ? ಭಾರ ಹೆಚ್ಚಿಸಿದ್ದೀರಾ, ಅಥವಾ ಎರಡನೇ ವಾರದ ವ್ಯಾಯಾಮವನ್ನೇ ಮಾಡುತ್ತಿದ್ದೀರಾ? ಅದು ಸರಿಯಿದ್ದರೆ ಹಂತ 4ಕ್ಕೆ ಹೋಗಿ ಹೊರೆ ನಿಜವಾಗಿ ಇಳಿದಿದೆಯೇ ನೋಡಿ. ಅದೂ ಸರಿಯಿದ್ದರೆ ಹಂತ 2ನ್ನು ಮತ್ತೆ ಮಾಡಿ, ನೋವಿನ ಜಾಗ ಬದಲಾಗಿರಬಹುದು. ಮೂರೂ ಸರಿಯಿದ್ದು 12 ವಾರ ಕಳೆದರೂ ಬದಲಾವಣೆ ಇಲ್ಲದಿದ್ದರೆ, ಅದೇ ನೋಟ್‌ಬುಕ್, ಎರಡೂ ವಿಡಿಯೊ, ಸ್ಕೈಲೈನ್ ಎಕ್ಸ್‌ರೇ ಹಿಡಿದುಕೊಂಡು ಎಲುಬು ತಜ್ಞರ ಬಳಿ ಹೋಗಿ.